ಮುಪ್ಪಿನ ಮೂಗು ಮತ್ತು ಮನೆಯ ಬೀಗ

ಬೆಂಗಳೂರಿನ ಪೂರ್ವಭಾಗದಲ್ಲಿ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರ ಮನೆಗಳು ಸಾಲುಸಾಲಾಗಿವೆ. ೧೯೪೦ರಲ್ಲಿ ವಿಮಾನದ ಕಾರ್ಖಾನೆ ಇಲ್ಲಿ ಹುಟ್ಟಿತು. ೧೯೪೮ರಲ್ಲಿ ಸ್ಥಾಪಿತವಾದ ಐ.ಟಿ.ಐ.ಯಿಂದಾಗಿ ಕೃಷ್ಣರಾಜಪುರದ ಮಗ್ಗುಲಲ್ಲಿ ದೂರವಾಣಿನಗರವೆಂಬ ಊರೇ ಬೆಳೆಯಿತು. ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಇಂದು ಬಾಗಿಲು ಮುಚ್ಚಿದ್ದರೂ ಅಲ್ಲಿ ಕೆಲಸ ಮಾಡಿದವರು ಅನೇಕರು ಇನ್ನೂ ನಮ್ಮ ನಡುವೆ ಇದ್ದಾರೆ. ಇವರು ತಮ್ಮ ಉಳಿತಾಯದ ಹಣದಿಂದ ಇಂದಿರಾನಗರದಲ್ಲಿ, ತಿಪ್ಪಸಂದ್ರದಲ್ಲಿ, ಹಲಸೂರಿನ ಆಸುಪಾಸಿನಲ್ಲಿ ಮನೆಗಳನ್ನು ಕಟ್ಟಿಕೊಂಡರು, ಮಕ್ಕಳನ್ನು ಓದಿಸಿದರು. ಮಕ್ಕಳು ದೂರದೇಶಗಳಿಗೆ ಹೋದರು. ಈಗ ಆ ಮನೆಗಳಲ್ಲಿ ಎಪ್ಪತ್ತು ಎಂಬತ್ತು ವರ್ಷದ ಗಂಡಹೆಂಡಿರು, ಅನೇಕ ಕಡೆ ಒಬ್ಬರೇ, ವಾಸವಾಗಿದ್ದಾರೆ.

ಇವರ ಪೈಕಿ ಯಾರನ್ನಾದರೂ ಕಾರ್ಖಾನೆಯ ದಿನಗಳ ವಿಷಯ ಕೇಳಿನೋಡಿ. ಗೋಡೆಗೆ ತೂಗುಹಾಕಿದ್ದ ಮರಳು ತುಂಬಿದ ಕೆಂಪು ಬಕೆಟ್ಟುಗಳು, ಬೆಂಕಿ ಆರಿಸುವ ಉಪಕರಣ, ಗಂಟೆ ಬಾರಿಸಿದೊಡನೆ ಎಲ್ಲರೂ ಹೊರಬಂದು ಬಯಲಿನಲ್ಲಿ ಸಾಲಾಗಿ ನಿಲ್ಲುತ್ತಿದ್ದ ಅಭ್ಯಾಸ, ಎಲ್ಲವನ್ನೂ ಅವರು ನೆನಪಿನಿಂದ ಹೇಳಬಲ್ಲರು. ಅನಂತರ ಅವರ ಮನೆಯೊಳಗೆ ಒಮ್ಮೆ ಕಣ್ಣು ಹಾಯಿಸಿ. ಅಲ್ಲಿ ಗಂಟೆಯೂ ಇಲ್ಲ, ಬಕೆಟ್ಟೂ ಇಲ್ಲ. ಬಾಗಿಲಿಗೆ ಎರಡು ಬೀಗ, ಅದರ ಹೊರಗೆ ಕಬ್ಬಿಣದ ಇನ್ನೊಂದು ಬಾಗಿಲು, ಎಲ್ಲ ಕಿಟಕಿಗಳಿಗೂ ಸರಳು. ಮೂವತ್ತು ವರ್ಷ ತಮ್ಮ ಯಂತ್ರಗಳನ್ನು ಬೆಂಕಿಯಿಂದ ಕಾಪಾಡಿದವರು ಮುಪ್ಪಿನಲ್ಲಿ ತಮ್ಮನ್ನು ತಾವು ಕಾಪಾಡಿಕೊಳ್ಳುವ ಏರ್ಪಾಟನ್ನು ಮಾಡಿಕೊಂಡಿಲ್ಲ. ಇದು ಅವರ ತಪ್ಪು ಮಾತ್ರವೆಂದು ನಾನು ಭಾವಿಸುವುದಿಲ್ಲ, ನಮ್ಮೆಲ್ಲರ ತಪ್ಪು.

ವೃದ್ಧರ ವಿಷಯದಲ್ಲಿ ನಮಗೆ ತಿಳಿದಿರುವ ಉಪಾಯ ಒಂದೇ: ಜೋಪಾನವಾಗಿರಿ ಎಂದು ಹೇಳುವುದು. ದೂರದಲ್ಲಿರುವ ಮಗನು ದೂರವಾಣಿಯಲ್ಲಿ ಇದನ್ನೇ ಹೇಳುತ್ತಾನೆ, ಪಕ್ಕದ ಮನೆಯವರೂ ಇದನ್ನೇ ಹೇಳುತ್ತಾರೆ. ಆದರೆ ಎಚ್ಚರಿಕೆಯೆಂಬುದು ಇಂದ್ರಿಯಗಳನ್ನೂ ಕೈಕಾಲುಗಳನ್ನೂ ಅವಲಂಬಿಸಿದ ಕೆಲಸ. ಆ ಇಂದ್ರಿಯಗಳೇ ಸೋತಮೇಲೆ ಜೋಪಾನವೆಂಬ ಮಾತಿಗೆ ಅರ್ಥವೇನು? ಮುಪ್ಪಿನವರಿಗೆ ಉಪದೇಶ ಮಾಡುವುದನ್ನು ಕಡಮೆ ಮಾಡಿ, ಅವರಿರುವ ಮನೆಯನ್ನೇ ಬದಲಾಯಿಸಬೇಕೆಂಬುದು ಈ ಲೇಖನದ ವಾದ. ಅದಕ್ಕೆ ಆಧಾರವಾದ ಸಂಗತಿಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಮೂಗನ್ನು ತೆಗೆದುಕೊಳ್ಳೋಣ. ನಮ್ಮ ಅಡಿಗೆಯ ಅನಿಲದಲ್ಲಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್. ಇವಕ್ಕೆ ಬಣ್ಣವಿಲ್ಲ, ಹೇಳಿಕೊಳ್ಳುವಂಥ ವಾಸನೆಯೂ ಇಲ್ಲ. ಸೋರಿದಾಗ ಗೊತ್ತಾಗಲೆಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ಗಂಧಕದ ಸಂಯುಕ್ತವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ. ಅಂದರೆ ಈ ರಕ್ಷಣೆಯ ವ್ಯವಸ್ಥೆಯೆಲ್ಲ ಮನುಷ್ಯನ ಮೂಗಿನ ಮೇಲೆ ನಿಂತಿದೆ. ಆ ಮೂಗು ಎಷ್ಟು ಕಾಲ ನೆಚ್ಚಿಕೆಗೆ ಅರ್ಹವಾಗಿರುತ್ತದೆ? ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ರಿಚರ್ಡ್ ಡೋಟಿ ಮತ್ತು ಅವರ ಸಹೋದ್ಯೋಗಿಗಳು ಸುಮಾರು ಎರಡು ಸಾವಿರ ಮಂದಿಯ ಘ್ರಾಣಶಕ್ತಿಯನ್ನು ಪರೀಕ್ಷಿಸಿ ೧೯೮೪ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅರುವತ್ತೈದರಿಂದ ಎಂಬತ್ತು ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ವಾಸನೆಯನ್ನು ಗುರುತಿಸುವ ಶಕ್ತಿ ಬಹುವಾಗಿ ಕುಗ್ಗಿತ್ತು. ಎಂಬತ್ತನ್ನು ದಾಟಿದವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಈ ಸ್ಥಿತಿಯಲ್ಲಿದ್ದರು. ಕಣ್ಣು ಮಂಜಾದರೆ ಮನುಷ್ಯನಿಗೆ ತಿಳಿಯುತ್ತದೆ, ಕನ್ನಡಕ ಹಾಕಿಕೊಳ್ಳುತ್ತಾನೆ. ಮೂಗು ಮಂಕಾದದ್ದು ಬಹುಮಟ್ಟಿಗೆ ಅವನಿಗೇ ತಿಳಿಯುವುದಿಲ್ಲ. ಸಾರಿಗೆ ಇಂಗು ಸಾಲದೆಂದು ಅಜ್ಜಿ ಮತ್ತೆ ಮತ್ತೆ ಹಾಕುವಾಗ ನಾವು ನಗುತ್ತೇವಲ್ಲದೆ, ಅದೇ ಮೂಗು ಅನಿಲದ ಕಾವಲಿಗೂ ನಿಂತಿದೆಯೆಂದು ಯೋಚಿಸುವುದಿಲ್ಲ.

ನಿದ್ರೆಯಲ್ಲಿ ಸ್ಥಿತಿ ಇನ್ನೂ ಕೆಟ್ಟದ್ದು. ಹೊಗೆಯ ವಾಸನೆ ಮೂಗಿಗೆ ಬಡಿದರೆ ಎಚ್ಚರವಾದೀತೆಂದು ನಾವೆಲ್ಲ ನಂಬಿದ್ದೇವೆ. ಬ್ರೌನ್ ವಿಶ್ವವಿದ್ಯಾನಿಲಯದ ಮೇರಿ ಕಾರ್ಸ್‌ಕಡನ್ ಮತ್ತು ರೇಚಲ್ ಹರ್ಟ್ಸ್ ಇದನ್ನು ಪರೀಕ್ಷಿಸಿ ೨೦೦೪ರಲ್ಲಿ ವರದಿ ಮಾಡಿದರು. ಅವರು ಆಯ್ದುಕೊಂಡದ್ದು ಆರೋಗ್ಯವಂತರಾದ ತರುಣರನ್ನು. ನಿದ್ರೆ ಗಾಢವಾದಾಗ ಪಿರಿಡೀನಿನಂಥ ಕಟು ವಾಸನೆಗೂ ಅವರು ಎಚ್ಚರಗೊಳ್ಳಲಿಲ್ಲ, ಶಬ್ದಕ್ಕೆ ಎಚ್ಚರಗೊಂಡರು. ಮಲಗಿದ ಮನುಷ್ಯನ ಪಾಲಿಗೆ ಮೂಗು ಕಾವಲುಗಾರನಲ್ಲ. ತರುಣರ ಗತಿಯೇ ಹೀಗಾದರೆ ವೃದ್ಧರದ್ದೇನು?

ಹಾಗಾದರೆ ಶಬ್ದ ಮಾಡುವ ಯಂತ್ರವೊಂದನ್ನು ಇಟ್ಟರೆ ಸಾಕಷ್ಟೆ? ಬಹುಮಟ್ಟಿಗೆ ಸಾಕು, ಆದರೆ ಕಿವಿಯನ್ನೂ ಸ್ವಲ್ಪ ವಿಚಾರಿಸಬೇಕು. ವಯಸ್ಸಾದಂತೆ ಮೊದಲು ಮಾಯವಾಗುವುದು ಎತ್ತರದ ಸ್ವರಗಳು. ಸಾಮಾನ್ಯ ಹೊಗೆಸೂಚಕದ ಕೀಚುದನಿ ಸೆಕೆಂಡಿಗೆ ಮೂರು ಸಾವಿರ ಕಂಪನಗಳಿಗೂ ಮೇಲ್ಪಟ್ಟದ್ದು. ಆಸ್ಟ್ರೇಲಿಯದ ಡೊರೊತಿ ಬ್ರಕ್ ಮತ್ತು ಇಯಾನ್ ತಾಮಸ್ ನಡೆಸಿದ ಪ್ರಯೋಗಗಳಲ್ಲಿ, ಸೆಕೆಂಡಿಗೆ ೫೨೦ ಕಂಪನಗಳ ತಗ್ಗಿದ ಗಡಸು ದನಿ ಮಲಗಿರುವ ವೃದ್ಧರನ್ನೂ ಕಿವಿ ಮಂದವಾದವರನ್ನೂ ಹೆಚ್ಚು ಖಚಿತವಾಗಿ ಎಬ್ಬಿಸಿತು. ಶ್ರವಣಯಂತ್ರವನ್ನು ತೆಗೆದು ಮೇಜಿನ ಮೇಲಿಟ್ಟು ಮಲಗುವವರಿಗೆ ಇಂಥ ಸೂಚಕವೇ ಬೇಕು. ಅಥವಾ ಹಾಸಿಗೆಯನ್ನೇ ಅಲುಗಿಸುವ ಬಗೆಯದು ಬೇಕು.

ಇನ್ನು ಕಾಲುಗಳು. ಇಲ್ಲಿ ಪ್ರಶ್ನೆ ಶಕ್ತಿಯದ್ದಲ್ಲ, ಕಾಲದ್ದು. ಅಮೆರಿಕದ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು ನಿಜವಾದ ಮನೆಗಳಲ್ಲಿ ಬೆಂಕಿಯಿಟ್ಟು ಪರೀಕ್ಷೆ ಮಾಡಿ, ಒಳಗಿರುವವನು ಬದುಕಿ ಹೊರಬರಲು ದೊರೆಯುವ ಕಾಲವನ್ನು ಅಳೆಯಿತು. ೧೯೭೫ರ ಸುಮಾರಿನ ಪರೀಕ್ಷೆಗಳಲ್ಲಿ, ಉರಿಯೆದ್ದು ಹಬ್ಬುವ ಬೆಂಕಿಯಲ್ಲಿ, ಈ ಕಾಲ ಸರಾಸರಿ ೧೭ ನಿಮಿಷ. ೨೦೦೪ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ ೩ ನಿಮಿಷ. ಕಾರಣ ಗೂಢವೇನೂ ಅಲ್ಲ. ಹತ್ತಿ, ನಾರು, ಮರ ಇದ್ದೆಡೆಯಲ್ಲಿ ಈಗ ರಬ್ಬರುನೊರೆಯಂಥ ಪಾಲಿಯುರಿಥೇನಿನ ಹಾಸಿಗೆ, ಕೃತಕ ನೂಲಿನ ಪರದೆ, ಪ್ಲಾಸ್ಟಿಕ್ಕಿನ ಸಾಮಾನು ಬಂದಿವೆ. ಇವು ಬೇಗ ಹೊತ್ತಿಕೊಳ್ಳುತ್ತವೆ, ಕಪ್ಪು ಹೊಗೆಯನ್ನು ರಾಶಿರಾಶಿಯಾಗಿ ಕಾರುತ್ತವೆ. ಇಂದಿರಾನಗರದ ಹಜಾರದಲ್ಲೂ ಇದೇ ಸಾಮಗ್ರಿಗಳಿವೆಯಾದುದರಿಂದ ಈ ಲೆಕ್ಕವನ್ನು ಪರದೇಶದ್ದೆಂದು ತಳ್ಳಿಹಾಕುವಂತಿಲ್ಲ.

ಮೂರು ನಿಮಿಷವೆಂದರೇನೆಂಬುದನ್ನು ಮುದುಕನೊಬ್ಬನ ಹಾಸಿಗೆಯ ಪಕ್ಕದಿಂದ ನೋಡಬೇಕು. ಎಚ್ಚರವಾಗುತ್ತದೆ. ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ತಿರುಗುವುದರಿಂದ ಮಂಚದ ಅಂಚಿನಲ್ಲಿ ಅರೆನಿಮಿಷ ಕುಳಿತಿರಬೇಕು. ಕನ್ನಡಕ ಹುಡುಕಬೇಕು, ಊರುಗೋಲು ಹುಡುಕಬೇಕು, ಹೆಂಡತಿಯನ್ನು ಎಬ್ಬಿಸಬೇಕು. ದೀಪ ಹೋಗಿರುತ್ತದೆ. ಬಾಗಿಲಿಗೆ ಬಂದರೆ ಬೀಗದ ಕೈ ದೇವರ ಕೋಣೆಯ ಮೊಳೆಯಲ್ಲಿದೆ. ಅಷ್ಟರಲ್ಲಿ ಹೊಗೆ ತನ್ನ ಕೆಲಸವನ್ನು ಮಾಡುತ್ತಿರುತ್ತದೆ. ಬೆಂಕಿಯ ಮನೆಯಲ್ಲಿ ಸಾಯುವವರಲ್ಲಿ ಬಹುಮಂದಿ ಉರಿಯಿಂದಲ್ಲ, ಹೊಗೆಯಿಂದ ಸಾಯುತ್ತಾರೆ. ಅರೆಬರೆ ಉರಿಯುವ ವಸ್ತುಗಳಿಂದ ಬರುವ ಇಂಗಾಲದ ಮಾನಾಕ್ಸೈಡ್ ಅನಿಲ ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಅದು ಮೊದಲು ಕದಿಯುವುದು ವಿವೇಚನೆಯನ್ನು. ಬೀಗದ ಕೈ ಕೈಯಲ್ಲಿದ್ದರೂ ಬೀಗದ ಕಿಂಡಿ ಸಿಕ್ಕುವುದಿಲ್ಲ.

ಈಗ ಆ ಬೀಗದ ವಿಚಾರಕ್ಕೇ ಬರೋಣ. ೨೦೧೦ರ ಫೆಬ್ರವರಿ ೨೩ರಂದು ಹಳೆಯ ವಿಮಾನನಿಲ್ದಾಣದ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡು ಒಂಬತ್ತು ಮಂದಿ ಸತ್ತರು. ಇಂದಿರಾನಗರಕ್ಕೆ ಅದು ನೆರೆಯ ಸ್ಥಳ. ಅಲ್ಲಿ ಉರಿ ಕಟ್ಟಡವನ್ನೆಲ್ಲ ನುಂಗಲಿಲ್ಲ. ಹೊಗೆ ಮೇಲಿನ ಅಂತಸ್ತುಗಳನ್ನು ತುಂಬಿತು, ಹೊರಹೋಗುವ ದಾರಿ ಸಿಕ್ಕದೆ ಕೆಲವರು ಕಿಟಕಿಗಳಿಂದ ಜಿಗಿದರು. ಅವರೆಲ್ಲ ಹಗಲಿನಲ್ಲಿ ಎಚ್ಚರವಾಗಿದ್ದ, ದುಡಿಯುವ ವಯಸ್ಸಿನ ಜನ. ಇನ್ನೊಂದು ದುರಂತ ನಗರದ ದಕ್ಷಿಣದ್ದಾದರೂ ನಮ್ಮ ವಿಷಯಕ್ಕೆ ಮತ್ತೂ ಹತ್ತಿರದ್ದು. ೨೦೨೧ರ ಸೆಪ್ಟೆಂಬರ್ ೨೧ರಂದು ಬನ್ನೇರುಘಟ್ಟ ರಸ್ತೆಯ ಕಡೆಯ ದೇವರಚಿಕ್ಕನಹಳ್ಳಿಯ ವಸತಿಕಟ್ಟಡವೊಂದರಲ್ಲಿ ಬೆಂಕಿ ಬಿದ್ದು, ವೃದ್ಧ ತಾಯಿಯೂ ಅವರ ಮಗಳೂ ಮೃತಪಟ್ಟರು. ಬೆಂಕಿಯಿಂದ ಮೊಗಸಾಲೆಗೆ ಬಂದವರಿಗೆ ಅಲ್ಲಿ ಎದುರಾದದ್ದು ಕಳ್ಳರ ಭಯಕ್ಕಾಗಿ ಹಾಕಿಸಿದಂಥ ಕಬ್ಬಿಣದ ಸರಳು. ಸುತ್ತಲಿನವರು ನೋಡುತ್ತಿದ್ದರು, ಕೂಗುತ್ತಿದ್ದರು. ಯಾರ ಕೈಯಿಂದಲೂ ಏನೂ ಆಗಲಿಲ್ಲ.

ಆ ಸುದ್ದಿಯನ್ನು ಓದಿದ ಬಳಿಕ ನಮ್ಮ ಬೀದಿಗಳಲ್ಲಿ ಎಷ್ಟು ಮನೆಗಳ ಸರಳಿಗೆ ತೆರೆಯುವ ಕದವನ್ನು ಕೂಡಿಸಿದರು? ನಾನು ನಡೆದಾಡುವ ಬೀದಿಗಳಲ್ಲಿ ಅಂಥ ಬದಲಾವಣೆ ನನ್ನ ಕಣ್ಣಿಗೆ ಬಿದ್ದಿಲ್ಲ. ಕಳ್ಳನು ಬರುವನೆಂಬುದನ್ನು ನಾವು ಸುಲಭವಾಗಿ ಊಹಿಸಬಲ್ಲೆವು. ಬೆಂಕಿ ಬರುವುದೆಂದು ಊಹಿಸಲಾರೆವು. ಕಳ್ಳನಿಗೆಂದು ಹಾಕಿದ ಬೀಗ ಒಳಗಿರುವವರಿಗೂ ಬೀಗವೇ ಎಂಬ ಸರಳ ಸತ್ಯ ಮರೆತುಹೋಗಿದೆ.

ಅಗ್ನಿಶಾಮಕ ದಳದವರು ಇದ್ದಾರಲ್ಲ ಎಂದು ಕೆಲವರು ಹೇಳಬಹುದು. ಇದ್ದಾರೆ, ಮತ್ತು ಅವರ ಧೈರ್ಯ ದೊಡ್ಡದು. ೧೯೬೪ರ ಶಾಸನದಿಂದ ರೂಪುಗೊಂಡ ಈ ಇಲಾಖೆಯ ಮುಖ್ಯ ಕಚೇರಿ ಹಲಸೂರು ಕೆರೆಯ ಹತ್ತಿರವೇ, ಅಣ್ಣಾಸ್ವಾಮಿ ಮೊದಲಿಯಾರ್ ರಸ್ತೆಯಲ್ಲಿದೆ. ಆದರೆ ಕೂಗಳತೆಯ ದೂರದಲ್ಲಿರುವ ಮನೆಗೂ ಮೂರು ನಿಮಿಷದೊಳಗೆ ನೀರಿನ ಬಂಡಿ ಬರುವುದೆಂದು ಯಾರೂ ಭರವಸೆ ಕೊಡಲಾರರು. ಕರೆ ಹೋಗಬೇಕು, ಬಂಡಿ ಹೊರಡಬೇಕು, ವಾಹನಗಳ ಸಂದಣಿಯನ್ನು ದಾಟಬೇಕು. ಶಿವಾಜಿನಗರದ ಅನೇಕ ಓಣಿಗಳು ಕೈಗಾಡಿಯ ಕಾಲದವು. ಅಲ್ಲಿನ ರಸೆಲ್ ಮಾರುಕಟ್ಟೆಯಲ್ಲಿ ೨೦೧೨ರ ಫೆಬ್ರವರಿ ೨೫ರ ಬೆಳಗಿನ ಜಾವ ಬೆಂಕಿಯೆದ್ದಾಗ ನೂರಕ್ಕೂ ಹೆಚ್ಚು ಅಂಗಡಿಗಳು ನಾಶವಾದವು. ಜನವಿಲ್ಲದ ಹೊತ್ತಿನಲ್ಲಿ, ಸೂಚಿಸುವವರಿಲ್ಲದ ಕಡೆಯಲ್ಲಿ ಬೆಂಕಿಗೆ ಎಷ್ಟು ಸ್ವಾತಂತ್ರ್ಯವುಂಟೆಂಬುದಕ್ಕೆ ಇದೊಂದು ಪಾಠ. ಮೊದಲ ಮೂರು ನಿಮಿಷ ಮನೆಯವರದ್ದು. ದಳದವರ ಕೆಲಸ ಅಲ್ಲಿಂದಾಚೆಗಿನದು.

ದಂಡಿನ ಪ್ರದೇಶದ ಹಳೆಯ ಮನೆಗಳ ಬಗ್ಗೆ ಒಂದು ಮಾತು ಹೇಳುವುದು ಅವಶ್ಯಕ. ೧೮೦೯ರಲ್ಲಿ ಸೈನ್ಯ ಬೀಡುಬಿಟ್ಟಂದಿನಿಂದ ಬೆಳೆದ ಈ ಭಾಗದಲ್ಲಿ ಮರದ ಜಾಲರಿ, ಮರದ ತೊಲೆ, ಹಂಚಿನ ಸೂರು ಇರುವ ಮನೆಗಳು ಇನ್ನೂ ಉಳಿದಿವೆ. ಅವುಗಳ ಚೆಲುವಿಗೆ ಮನಸೋಲದವರಿಲ್ಲ. ಆದರೆ ಗೋಡೆಯ ಮೇಲೆ ಮರದ ಪಟ್ಟಿಗೆ ಬಡಿದಿರುವ ಹಳೆಯ ತಂತಿಗಳ ರಬ್ಬರು ಹೊದಿಕೆ ಕಾಲಕ್ರಮದಲ್ಲಿ ಒಣಗಿ ಬಿರುಕುಬಿಡುತ್ತದೆ. ಆ ತಂತಿಗಳನ್ನು ಎಳೆದ ಕಾಲದಲ್ಲಿ ಮನೆಗೆ ನಾಲ್ಕು ದೀಪ, ಒಂದು ರೇಡಿಯೋ ಇದ್ದಿತು. ಇಂದು ಅವುಗಳಿಂದಲೇ ನೀರು ಕಾಯಿಸುವ ಯಂತ್ರವನ್ನೂ ನಡೆಸುತ್ತೇವೆ. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂಬುದು ಭೌತವಿಜ್ಞಾನದ ಮೊದಲ ಪಾಠಗಳಲ್ಲೊಂದು. ೨೩೦ ವೋಲ್ಟಿನಲ್ಲಿ ಎರಡು ಸಾವಿರ ವಾಟಿನ ಯಂತ್ರ ಸುಮಾರು ೯ ಆಂಪೇರ್ ಎಳೆಯುತ್ತದೆ. ಅದನ್ನು ೬ ಆಂಪೇರಿನ ಕೊಂಡಿಗೆ ಸಿಕ್ಕಿಸಿದರೆ ಪ್ರವಾಹ ಒಂದೂವರೆ ಪಟ್ಟಾಗುತ್ತದೆ. ಶಾಖ ಎರಡೂಕಾಲು ಪಟ್ಟಾಗುತ್ತದೆ. ಕೊಂಡಿಯ ಬಳಿ ಗೋಡೆ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಮನೆ ಬರೆದ ಎಚ್ಚರಿಕೆಯ ಪತ್ರವೆಂದು ತಿಳಿಯಬೇಕು.

ಕಾನೂನಿನ ಕಣ್ಣು ಇಂಥ ಮನೆಗಳ ಮೇಲೆ ಅಷ್ಟಾಗಿ ಬೀಳುವುದಿಲ್ಲ. ೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ೧೫ ಮೀಟರು ಮತ್ತು ಅದಕ್ಕೆ ಮೇಲ್ಪಟ್ಟ ಕಟ್ಟಡಗಳನ್ನು ಎತ್ತರದವೆಂದು ಕರೆದು ಅವುಗಳಿಗೆ ಕಠಿಣ ನಿಯಮಗಳನ್ನು ಹೇಳಿತು. ಇದು ಸರಿಯೇ. ಆದರೆ ವೃದ್ಧರು ಎತ್ತರದಲ್ಲಿ ಮಾತ್ರ ವಾಸಿಸುತ್ತಾರೆಯೆ? ಒಂದಂತಸ್ತಿನ ಮನೆಯಲ್ಲೂ ಬೀಗದ ಹಿಂದೆ ಉಸಿರು ಕಟ್ಟುತ್ತದೆ. ತಂದೆತಾಯಿಗಳ ಪೋಷಣೆಗಾಗಿ ೨೦೦೭ರಲ್ಲಿ ಮಾಡಿದ ಕೇಂದ್ರ ಶಾಸನವು ಪೋಷಣೆಯೆಂದರೆ ಅನ್ನ, ಬಟ್ಟೆ, ವಸತಿ, ವೈದ್ಯೋಪಚಾರ ಎಂದು ಎಣಿಸಿತು. ವಸತಿ ಎಂಬ ಮಾತಿನಲ್ಲಿ ಹೊರಬರಲಾಗುವ ವಸತಿ ಎಂಬ ಅರ್ಥವನ್ನೂ ನಾವು ಓದಿಕೊಳ್ಳಬೇಕಾಗಿದೆ.

ಬೇರೆ ದೇಶಗಳು ಏನು ಮಾಡಿವೆ? ಜಪಾನಿನಲ್ಲಿ ಮನೆಯ ಬೆಂಕಿಗೆ ಬಲಿಯಾಗುವವರಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚಿನವರು ಅರುವತ್ತೈದು ದಾಟಿದವರು. ಅಲ್ಲಿ ೨೦೦೪ರಲ್ಲಿ ಕಾನೂನನ್ನು ತಿದ್ದಿ, ೨೦೦೬ರಿಂದ ಕಟ್ಟುವ ಎಲ್ಲ ಮನೆಗಳಲ್ಲೂ, ೨೦೧೧ರೊಳಗೆ ಹಳೆಯ ಮನೆಗಳಲ್ಲೂ ಹೊಗೆಸೂಚಕವಿರಬೇಕೆಂದು ವಿಧಿಸಿದರು. ಇಂಗ್ಲೆಂಡಿನಲ್ಲಿ ಅಗ್ನಿಶಾಮಕರು ಬೆಂಕಿ ಬೀಳುವ ಮುನ್ನವೇ ವೃದ್ಧರ ಮನೆಗೆ ಬಂದು ನೋಡಿ, ಅವಶ್ಯವಿದ್ದೆಡೆ ಸೂಚಕವನ್ನು ತಾವೇ ಕೂಡಿಸಿಹೋಗುತ್ತಾರೆ. ಈ ಎರಡನೆಯ ಪದ್ಧತಿ ನಮಗೆ ಹೇಳಿ ಮಾಡಿಸಿದಂತಿದೆ. ೧೯೪೪ರ ಏಪ್ರಿಲ್ ೧೪ರಂದು ಮುಂಬಯಿಯ ಬಂದರಿನಲ್ಲಿ ಸ್ಫೋಟಗೊಂಡ ಹಡಗಿನ ಬೆಂಕಿಯೊಡನೆ ಹೋರಾಡಿ ಮಡಿದವರ ನೆನಪಿಗಾಗಿ ಪ್ರತಿವರ್ಷ ಆ ದಿನದಿಂದ ಒಂದು ವಾರ ಅಗ್ನಿಶಾಮಕ ಸಪ್ತಾಹವನ್ನು ಆಚರಿಸುತ್ತೇವೆ. ಆ ವಾರದಲ್ಲಿ ಶಾಲೆಗಳಲ್ಲೂ ಕಚೇರಿಗಳಲ್ಲೂ ಪ್ರದರ್ಶನಗಳು ನಡೆಯುತ್ತವೆ. ಅದರಲ್ಲಿ ಎರಡು ದಿನಗಳನ್ನು ಆಯಾ ಠಾಣೆಯ ಸುತ್ತಲಿನ ವೃದ್ಧರ ಮನೆಗಳಿಗೆ ಮೀಸಲಿಡಬಾರದೇಕೆ? ನಗರಾಡಳಿತವು ಮನೆಯ ತೆರಿಗೆಯಲ್ಲಿ ಸಣ್ಣ ರಿಯಾಯಿತಿಯನ್ನು ಕೊಟ್ಟು, ತೆರೆಯುವ ಸರಳನ್ನೂ ಸೂಚಕವನ್ನೂ ಪ್ರೋತ್ಸಾಹಿಸಬಾರದೇಕೆ?

ಆಕ್ಷೇಪಣೆಗಳು ಇಲ್ಲದಿಲ್ಲ. ನಮ್ಮ ಮನೆಗಳಲ್ಲಿ ಒಗ್ಗರಣೆಯ ಹೊಗೆ, ಊದುಬತ್ತಿ, ಸಾಂಬ್ರಾಣಿ, ಕರ್ಪೂರ ಇವೆಲ್ಲ ಇರುವಾಗ ಸೂಚಕ ದಿನವೂ ಕಿರಿಚುವುದೆಂದು ಹೇಳುವುದುಂಟು. ಇದು ನಿಜವಾದ ತೊಂದರೆ. ಆದರೆ ಸ್ಥಳದಿಂದ ಪರಿಹಾರವಾಗುವ ತೊಂದರೆ. ಹೊಗೆಸೂಚಕದ ಸ್ಥಾನ ಅಡಿಗೆಮನೆಯೂ ಅಲ್ಲ, ದೇವರ ಕೋಣೆಯೂ ಅಲ್ಲ. ಮಲಗುವ ಕೋಣೆಯ ಸೂರು ಮತ್ತು ಅದರ ಹೊರಗಿನ ಹಾದಿ. ಬೆಲೆಯ ಮಾತೆತ್ತಿದರೆ, ಬ್ಯಾಟರಿಯ ಸಾಮಾನ್ಯ ಸೂಚಕವೊಂದಕ್ಕೆ ಒಂದೆರಡು ಅನಿಲದ ಸಿಲಿಂಡರಿನಷ್ಟು ಹಣ ಬೀಳಬಹುದು. ಸರಳು ತೆಗೆದರೆ ಕಳ್ಳರಿಗೆ ಅನುಕೂಲವೆಂಬ ಮಾತು ಗಂಭೀರವಾದದ್ದು. ಒಂಟಿ ವೃದ್ಧರ ಮೇಲೆ ಈ ನಗರದಲ್ಲಿ ಅತ್ಯಾಚಾರಗಳು ನಡೆದಿರುವುದುಂಟು. ಅವರ ಭಯವನ್ನು ಹಗುರಾಗಿ ನೋಡುವ ಹಕ್ಕು ನನಗಿಲ್ಲ. ನಾನು ಸರಳನ್ನು ತೆಗೆಯಿರೆನ್ನುವುದಿಲ್ಲ. ಒಂದು ಕಿಟಕಿಯ ಸರಳಿಗಾದರೂ ಒಳಗಿನಿಂದ ತೆರೆಯುವ ಕದವಿರಲಿ ಎನ್ನುತ್ತೇನೆ. ಬಾಗಿಲಿಗೆ ಒಳಗಿನಿಂದ ಕೀಲಿಯಿಲ್ಲದೆ ತಿರುಪಿ ತೆರೆಯುವ ಬೀಗವಿರಲಿ. ಇನ್ನೊಂದು ಕೀಲಿ ನಂಬಿಕೆಯ ನೆರೆಯವರಲ್ಲಿರಲಿ.

ಉಳಿದವನ್ನು ಸಂಕ್ಷೇಪವಾಗಿ ಹೇಳಬಹುದು. ಅಡಿಗೆಯ ಅನಿಲ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಡುತ್ತದೆ. ಆದುದರಿಂದ ಅನಿಲಸೂಚಕವನ್ನು ನೆಲದ ಸಮೀಪದಲ್ಲಿ ಕೂಡಿಸಬೇಕು. ಸೋರಿಕೆ ಕಂಡರೆ ದೀಪದ ಗುಂಡಿಯನ್ನು ಹಾಕಲೂ ಬಾರದು, ಆರಿಸಲೂ ಬಾರದು. ಕಿಟಕಿ ಬಾಗಿಲುಗಳನ್ನು ತೆರೆದು, ಸಿಲಿಂಡರಿನ ತಿರುಪನ್ನು ಮುಚ್ಚಿ, ಹೊರಗೆ ಬಂದು ೧೯೦೬ಕ್ಕೆ ಕರೆಮಾಡಬೇಕು. ಸಿಲಿಂಡರಿನ ರಬ್ಬರು ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಬಾರದು. ಒಲೆಯನ್ನು ಆರಿಸಿ ತಟ್ಟೆ ಮುಚ್ಚಬೇಕು. ವಿದ್ಯುತ್ ಸ್ಕೂಟರಿನ ಬ್ಯಾಟರಿಯನ್ನು ಹೊರಹೋಗುವ ದಾರಿಯಲ್ಲಿ, ಮೆಟ್ಟಿಲ ಕೆಳಗೆ ಇಟ್ಟು ಶಕ್ತಿ ತುಂಬಿಸಬಾರದು. ಹಿರಿಯರು ಬಾಗಿಲಿಗೆ ಹತ್ತಿರವಾದ ಕೆಳಗಿನ ಕೋಣೆಯಲ್ಲಿ ಮಲಗಲಿ. ಕನ್ನಡಕ, ಕೋಲು, ಟಾರ್ಚು, ಕೀಲಿ ಇವು ನಾಲ್ಕೂ ತಲೆದೆಸೆಯಲ್ಲೇ ಇರಲಿ. ಬೆಂಕಿಯಾದರೆ ಮೊದಲು ಹೊರಗೆ ಬರುವುದು, ಆಮೇಲೆ ೧೦೧ ಅಥವಾ ೧೧೨ಕ್ಕೆ ಕರೆಮಾಡುವುದು. ಪೆಟ್ಟಿಗೆಯ ಒಡವೆಗಾಗಿ ಯಾರೂ ಹಿಂದಿರುಗಬಾರದು.

ಇವುಗಳಲ್ಲಿ ಹೊಸ ಸಂಶೋಧನೆ ಯಾವುದೂ ಇಲ್ಲ. ಮುಪ್ಪನ್ನು ತಡೆಯುವ ಔಷಧವನ್ನು ವಿಜ್ಞಾನ ಇನ್ನೂ ಕಂಡುಹಿಡಿದಿಲ್ಲ. ಆದರೆ ಸೋತ ಮೂಗಿಗೆ ಬದಲಾಗಿ ಕಾವಲು ನಿಲ್ಲುವ ಒಂದು ಪುಟ್ಟ ಡಬ್ಬಿಯನ್ನು ಕೊಟ್ಟಿದೆ. ಕನ್ನಡಕವನ್ನು ಕೊಡಿಸುವ ಮಗನು ಇದನ್ನೂ ಕೊಡಿಸಲಿ. ರಜೆಗೆ ಬಂದಾಗ ಒಂದು ಸಂಜೆ ತಂದೆತಾಯಿಗಳೊಡನೆ ಗಡಿಯಾರ ಹಿಡಿದು ಕುಳಿತು, ಮಂಚದಿಂದ ಗೇಟಿನವರೆಗೆ ಬರಲು ಎಷ್ಟು ನಿಮಿಷ ಬೇಕಾಗುವುದೆಂದು ನೋಡಲಿ. ಮೂರಕ್ಕಿಂತ ಹೆಚ್ಚಾದರೆ ಅವಸರಪಡಿಸಬೇಕಾದದ್ದು ಅವರನ್ನಲ್ಲ. ಬದಲಾಯಿಸಬೇಕಾದದ್ದು ಬೀಗವನ್ನು, ಕೋಣೆಯನ್ನು, ದಾರಿಯನ್ನು. ಕಾರ್ಖಾನೆಯಲ್ಲಿ ಗಂಟೆ ಬಾರಿಸಿದರೆ ಹೊರಬರುವುದನ್ನು ಆ ಹಿರಿಯರು ಎಂದೋ ಕಲಿತಿದ್ದಾರೆ. ಅವರ ಮನೆಯಲ್ಲಿ ಈಗ ಬೇಕಾಗಿರುವುದು ಬಾರಿಸುವ ಒಂದು ಗಂಟೆ ಮತ್ತು ತೆರೆಯುವ ಒಂದು ಬಾಗಿಲು.